ಹಸಿರು ಆಡಿಟ್ ಎಲ್ಲಿಂದ ಶುರು ಮಾಡುವುದು? ಕರೆಂಟ್ ಬಿಲ್ಲಿನಿಂದ

"ನ್ಯಾಕ್ ತಂಡ ಬರುತ್ತಿದೆ, ಪ್ರಿನ್ಸಿಪಾಲರು ಹಸಿರು ಆಡಿಟ್ ನನ್ನ ತಲೆಗೆ ಕಟ್ಟಿದ್ದಾರೆ, ಎಲ್ಲಿಂದ ಶುರು ಮಾಡಲಿ?" ಎಂದು ಕೇಳಿದ್ದೀರಿ. ನ್ಯಾಕ್ ಎಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ, ಹಸಿರು ಆಡಿಟ್ ಎಂದರೆ ಕಾಲೇಜಿನ ಕರೆಂಟು, ನೀರು, ಗಿಡಮರಗಳ ಲೆಕ್ಕ. ಕೆಲವು ವರ್ಷಗಳ ಹಿಂದೆ ಅದೇ ಫೈಲು ನನ್ನ ಟೇಬಲ್ಲಿಗೂ ಬಂದಿತ್ತು. ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಸಸಿ ನೆಟ್ಟೆವು, ಫೋಟೊ ತೆಗೆಸಿದೆವು. ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ಅರ್ಧಕ್ಕರ್ಧ ಒಣಗಿದವು. ಫೈಲಿನಲ್ಲಿ ಮಾತ್ರ ಇನ್ನೂ ಹಸಿರಾಗಿವೆ.

ನೀವು ಮೊದಲು ಆಫೀಸಿಗೆ ಹೋಗಿ ಮೂರು ವರ್ಷದ ಕರೆಂಟ್ ಬಿಲ್ ತೆಗೆಸಿ. ಒಟ್ಟು ಯೂನಿಟ್ಟನ್ನು ವಿದ್ಯಾರ್ಥಿಗಳು, ಸಿಬ್ಬಂದಿ ಸೇರಿ ಎಷ್ಟು ಜನವೋ ಅಷ್ಟರಿಂದ ಭಾಗಿಸಿ. ಇಲ್ಲದಿದ್ದರೆ ಅಡ್ಮಿಷನ್ ಕಡಿಮೆಯಾಗಿ ಬಿಲ್ ಇಳಿದದ್ದನ್ನೂ ಉಳಿತಾಯ ಅಂತ ಬರೆದುಬಿಡುತ್ತೀರಿ! ಕಾರ್ಬನ್ ಲೆಕ್ಕ ಕೇಳಿದರೆ ಗ್ರಿಡ್ ಕರೆಂಟಿನ ಒಂದು ಯೂನಿಟ್‌ಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹಿಡಿಯಿರಿ.

ಆಮೇಲೆ ರಾತ್ರಿ ಹತ್ತಕ್ಕೊಮ್ಮೆ, ಬೆಳಿಗ್ಗೆ ಐದಕ್ಕೊಮ್ಮೆ ಮೀಟರ್ ಓದಿಸಿ. ವಾಚ್‌ಮನ್ ಬಿಟ್ಟರೆ ಯಾರೂ ಇಲ್ಲದ ಹೊತ್ತು ಅದು. ನಮ್ಮಲ್ಲಿ ಆಗಲೂ ಮೀಟರ್ ಜೋರಾಗೇ ಓಡುತ್ತಿತ್ತು. ಲ್ಯಾಬಿನ ಕಂಪ್ಯೂಟರ್‌ಗಳು, ವಾಟರ್ ಕೂಲರ್, ಜೊತೆಗೆ ಬೋರ್‌ವೆಲ್ ಮೋಟಾರು. ಟ್ಯಾಂಕು ತುಂಬಿ ಸುಮ್ನೆ ಹರಿಯುತ್ತಿತ್ತು, ಕೆಳಗೆ 'ನೀರು ಉಳಿಸಿ' ಬೋರ್ಡು.

ಫ್ಯಾನಿನ ಲೆಕ್ಕವನ್ನೂ ಮಾಡಿ. ಹಳೆಯದಕ್ಕೆ ಸುಮಾರು 75 ವ್ಯಾಟ್, ಕಡಿಮೆ ಕರೆಂಟ್ ಎಳೆಯುವ ಹೊಸ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30. ದಿನಕ್ಕೆ 8 ಗಂಟೆಯಂತೆ 200 ದಿನ ಓಡಿದರೆ ಒಂದು ಫ್ಯಾನಿಗೆ 72 ಯೂನಿಟ್ ಉಳಿಯುತ್ತದೆ. ನೂರು ಫ್ಯಾನಿಗೆ 7,200. ಆಡಳಿತ ಮಂಡಳಿಗೆ ಈ ಭಾಷೆ ಬೇಗ ಅರ್ಥವಾಗುತ್ತದೆ.

ಇನ್ನು ಪಾಠದ ವಿಷಯ. 1991ರ ಸುಪ್ರೀಂ ಕೋರ್ಟ್ ಆದೇಶದ ಫಲವಾಗಿ ಪದವಿಯಲ್ಲಿ ಪರಿಸರ ಅಧ್ಯಯನ ಕಡ್ಡಾಯವಾಯಿತು. ಪೇಪರ್ ಇದೆ, ಪಾಸೂ ಆಗುತ್ತಾರೆ, ಅಲ್ವಾ? ಕಾಲೇಜುಗಳ ಪರಿಸರ ಕಾಳಜಿ ಅಳೆಯಲು ಅಮೆರಿಕದಲ್ಲಿ ಶುರುವಾದ ಸ್ಟಾರ್ಸ್ ಎಂಬ ರೇಟಿಂಗ್ ಅಷ್ಟಕ್ಕೇ ಬಿಡುವುದಿಲ್ಲ. ಬೇರೆ ವಿಷಯಗಳ ಎಷ್ಟು ಕೋರ್ಸ್‌ಗಳಲ್ಲಿ ಪರಿಸರದ ಪಾಠ ಬಂದಿದೆ, ವಿದ್ಯಾರ್ಥಿಗಳಿಗೆ ನಿಜಕ್ಕೂ ಏನು ತಿಳಿದಿದೆ ಎಂದೂ ನೋಡುತ್ತದೆ. ನಾವು ಮೀಟರ್ ಲೆಕ್ಕವನ್ನು ಬಿ.ಕಾಂ. ಹುಡುಗರಿಗೆ ಪ್ರಾಜೆಕ್ಟ್ ಆಗಿ ಕೊಟ್ಟೆವು. ಸೋರುವ ನಲ್ಲಿಗಳ ಪಟ್ಟಿ ನಮಗಿಂತ ಜಾಸ್ತಿ ಅವರ ಹತ್ತಿರ ಇತ್ತು.

ಸಸಿ ನೆಡಲೇಬೇಕು ಎಂದರೆ ಮಳೆಗಾಲದಲ್ಲಿ ನೆಡಿ. ರಜೆಯಲ್ಲಿ ನೀರು ಹಾಕುವವರ ಹೆಸರನ್ನು ಫೋಟೊ ತೆಗೆಸುವ ಮೊದಲೇ ಬರೆಸಿಕೊಳ್ಳಿ.