ಹಣ್ಣಿನ ಸಲಾಡ್ ನೀರೊಡೆಯದಿರಲು
ಬೆಳಿಗ್ಗೆ ಕಲಸಿಟ್ಟ ಹಣ್ಣಿನ ಸಲಾಡ್ ಮಧ್ಯಾಹ್ನಕ್ಕೆ ನೀರೊಡೆದು, ಸೇಬಿನ ಹೋಳು ಕಂದು ಬಣ್ಣಕ್ಕೆ ತಿರುಗುವುದೇಕೆ ಎಂದು ಕೇಳಿದ್ದೀರಿ. ನೀರಿಗೆ ಮುಖ್ಯ ಕಾರಣ ನೀವು ಮೊದಲೇ ಬೆರೆಸುತ್ತಿರುವ ಸಕ್ಕರೆ. ಅದು ಹಣ್ಣಿನೊಳಗಿನ ರಸವನ್ನು ಹೊರಗೆಳೆಯುತ್ತದೆ, ಉಪ್ಪೂ ಹಾಗೆಯೇ. ಕಲ್ಲಂಗಡಿಯ ಹೋಳೊಂದರ ಮೇಲೆ ಒಂದು ಚಮಚ ಸಕ್ಕರೆ ಉದುರಿಸಿ 10 ನಿಮಿಷ ಬಿಟ್ಟು ನೋಡಿ, ತಟ್ಟೆಯಲ್ಲಿ ತೆಳುಗೆಂಪು ನೀರು ನಿಂತಿರುತ್ತದೆ.

ಹಣ್ಣುಗಳನ್ನು ಇಡಿಯಾಗಿಯೇ ಫ್ರಿಜ್‌ನಲ್ಲಿ ತಣ್ಣಗಾಗಿಸಿ, ಬಡಿಸುವ ಹೊತ್ತಿಗೆ ಹೆಚ್ಚಿ. ಸೇಬು ಹೆಚ್ಚಿದ ಕೂಡಲೇ ನಿಂಬೆರಸ ಸವರಿದರೆ ಅದರ ಹುಳಿ ಬಣ್ಣಗೆಡುವುದನ್ನು ನಿಧಾನಗೊಳಿಸುತ್ತದೆ. ಬಾಳೆಹಣ್ಣು ಕಟ್ಟಕಡೆಗೆ. ಚೆನ್ನಾಗಿ ಮಾಗಿದ ಹಣ್ಣಿಗೆ ಸಕ್ಕರೆ ಬೇಡವೇ ಬೇಡ, ಈ ಮಾತನ್ನು ಒತ್ತಿ ಹೇಳುತ್ತೇನೆ. ನಾಲ್ಕು ಪುದೀನ ಎಲೆಗಳನ್ನು ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿ ಮೇಲೆ ಹಾಕಿ. ಘಮ ತಕ್ಷಣ ಏಳುತ್ತದೆ.