ಲ್ಯಾಪ್‌ಟಾಪ್‌ನಲ್ಲಿ ಬಿಲ್ಡ್, ರಾಸ್ಪ್‌ಬೆರಿ ಪೈನಲ್ಲಿ ಓಟ

ಪ್ರಶ್ನೆ: ಸಿ ಭಾಷೆಯಲ್ಲಿ ಬರೆದ ನನ್ನ ಪ್ರೋಗ್ರಾಂ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಬಿಲ್ಡ್ ಆಗುತ್ತದೆ. ಓಎಸ್ ಉಬುಂಟು 22.04. ಈಗ ಅದು ಆರ್ಮ್ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ರಲ್ಲಿ ಓಡಬೇಕು. ಬಿಲ್ಡ್‌ನ ಹಂತಗಳನ್ನು ಬರೆದಿಡುವ ಮೇಕ್‌ಫೈಲ್‌ನಲ್ಲಿ, ಕಂಪೈಲರ್ ಯಾವುದು ಅಂತ ಹೇಳುವ ‘ಸಿಸಿ’ ಇರುವ ಕಡೆ ಆರ್ಮ್ 64 ಬಿಟ್‌ನ ಜಿಸಿಸಿ ಕಂಪೈಲರ್ ಹಾಕಿದೆ. ಅರ್ಧಕ್ಕೆ ಬಂದು ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಅಂತ ನಿಂತುಬಿಡುತ್ತದೆ. ಕಂಪೈಲರ್ ಕೆಟ್ಟಿದೆಯಾ? ಅಂದ ಹಾಗೆ, ಬಿಲ್ಡ್ ನಡುವೆ ಡೇಟಾ ಟೇಬಲ್ ತಯಾರಿಸಿಕೊಡುವ ಪುಟ್ಟ ಪ್ರೋಗ್ರಾಂ ಒಂದು ಓಡುತ್ತದೆ.

ಉತ್ತರ: ಕಂಪೈಲರ್ ಚೆನ್ನಾಗಿಯೇ ಇದೆ. ಕೊನೆಯಲ್ಲಿ ‘ಅಂದ ಹಾಗೆ’ ಅಂತ ಸೇರಿಸಿದಿರಲ್ಲ, ಎಡವಟ್ಟು ಇರುವುದು ಅಲ್ಲೇ. ಆ ಪುಟ್ಟ ಪ್ರೋಗ್ರಾಂ ಕೂಡ ಈಗ ಆರ್ಮ್‌ಗೆ ಕಂಪೈಲ್ ಆಗಿದೆ. ಮೇಕ್‌ಫೈಲ್ ಓದಿ ಬಿಲ್ಡ್ ನಡೆಸುವ ‘ಮೇಕ್’ ಅದನ್ನು ಇಂಟೆಲ್ ಮೇಲೆ ಓಡಿಸಲು ಹೋಗುತ್ತದೆ. ಓಡುವುದಾದರೂ ಹೇಗೆ? ‘ಫೈಲ್’ ಕಮಾಂಡ್ ಕೊಟ್ಟು ನೋಡಿ, ಆರ್ಮ್ ಅಂತಲೇ ತೋರಿಸುತ್ತದೆ.

ಹಾಗಾಗಿ ನಿಮ್ಮ ಮೇಕ್‌ಫೈಲ್‌ಗೆ ಎರಡು ಕಂಪೈಲರ್ ಬೇಕು. ಪೈಗೆ ಹೋಗುವುದಕ್ಕೆಲ್ಲ ಸಿಸಿ. ಬಿಲ್ಡ್ ಆಗುವಾಗಲೇ ಓಡಬೇಕಾದ್ದಕ್ಕೆ ಇನ್ನೊಂದು, ಅದು ಯಾವತ್ತೂ ಲ್ಯಾಪ್‌ಟಾಪ್‌ನ ಮಾಮೂಲಿ ಜಿಸಿಸಿ. ಲಿನಕ್ಸ್ ಕರ್ನಲ್‌ನಲ್ಲೂ ಹೀಗೇ ಇದೆ, ಅಲ್ಲಿ ಎರಡನೆಯದರ ಹೆಸರು ಹೋಸ್ಟ್‌ಸಿಸಿ. ಕಂಪೈಲರ್‌ಗೆ ಕೊಡುವ ಸೂಚನೆಗಳು, ಅಂದರೆ ಫ್ಲ್ಯಾಗ್‌ಗಳನ್ನೂ ಬೇರೆ ಬೇರೆ ಇಡಿ. ಆರ್ಮ್ ಸಿಪಿಯು ಹೆಸರಿರುವ ಫ್ಲ್ಯಾಗ್ ಇಂಟೆಲ್ ಜಿಸಿಸಿಗೆ ಹೋದರೆ ಅದು ಇನ್ನೊಂದು ತಕರಾರು ತೆಗೆಯುತ್ತದೆ.

ಈ ‘ಹೋಸ್ಟ್’ ಅನ್ನುವ ಪದ ಎಲ್ಲರ ತಲೆ ಕೆಡಿಸುತ್ತದೆ. ಕರ್ನಲ್‌ನವರಿಗೆ ಹೋಸ್ಟ್ ಅಂದರೆ ಬಿಲ್ಡ್ ಮಾಡುವ ಯಂತ್ರ. ಆಟೋಟೂಲ್ಸ್ ಅನ್ನುವ ಬಿಲ್ಡ್ ಸಲಕರಣೆಗಳಲ್ಲಿ ಉಲ್ಟಾ: ಅಲ್ಲಿ ಹೋಸ್ಟ್ ಅಂದರೆ ಪ್ರೋಗ್ರಾಂ ಓಡುವ ಯಂತ್ರ, ಅಂದರೆ ನಿಮ್ಮ ಪೈ. ‘ಟಾರ್ಗೆಟ್’ ಬಗ್ಗೆ ಈಗ ಯೋಚನೆ ಬೇಡ, ಅದು ಕಂಪೈಲರನ್ನೇ ಬಿಲ್ಡ್ ಮಾಡುವವರಿಗೆ.

ಎರರ್ ಹೋದ ಮೇಲೂ ಟೇಬಲ್ ಮೇಲೆ ಒಂದು ಕಣ್ಣಿರಲಿ. ಇಂಟೆಲ್‌ನಲ್ಲಿ ಬರೀ ‘ಚಾರ್’ ಅಂದರೆ ಸೈನ್ಡ್ (ಮೈನಸ್ ಸಂಖ್ಯೆಯೂ ಹಿಡಿಯುತ್ತದೆ), ಆರ್ಮ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್ (ಮೈನಸ್ ಇಲ್ಲ). ಟೇಬಲ್‌ನ ಚಾರ್ ಅರೇಯಲ್ಲಿ -1 ಹಾಕಿದ್ದರೆ ಪೈನಲ್ಲಿ ಓದುವಾಗ ಅದು 255. ‘ಸೈನ್ಡ್ ಚಾರ್’ ಅಂತ ಬಾಯಿಬಿಟ್ಟೇ ಬರೆಯಿರಿ. ಟೇಬಲ್ ಪ್ರೋಗ್ರಾಂ ಒಳಗೆ ‘ಸೈಜ್‌ಆಫ್’ ಇದ್ದರೂ ಅಷ್ಟೇ, ಅದು ಹೇಳುವುದು ಲ್ಯಾಪ್‌ಟಾಪ್‌ನ ಅಳತೆ. ಲಾಂಗ್ ಇಲ್ಲಿ 8 ಬೈಟ್. ನಾಳೆ ಪೈಗೆ 32 ಬಿಟ್ ಓಎಸ್ ಹಾಕಿದರೆ ಅಲ್ಲಿ 4.

ಪೈನಲ್ಲಿ ಡೆಬಿಯನ್ ಲಿನಕ್ಸ್‌ನ ಹಳೇ ಆವೃತ್ತಿ ಬುಲ್ಸ್‌ಐ ಇದ್ದರೆ ಇನ್ನೊಂದು ಕಿರಿಕಿರಿ. ಅದರ ಜಿಲಿಬ್‌ಸಿ (ಸಿ ಪ್ರೋಗ್ರಾಂಗಳು ನೆಚ್ಚಿಕೊಳ್ಳುವ ಮೂಲ ಲೈಬ್ರರಿ) 2.31, ನಿಮ್ಮ ಉಬುಂಟು ಕ್ರಾಸ್ ಕಂಪೈಲರ್, ಅಂದರೆ ಆರ್ಮ್‌ಗಾಗಿ ಹಾಕಿದ ಆ ಜಿಸಿಸಿ ಜೊತೆ ಬರುವುದು 2.35. ಅದರಲ್ಲಿ ಬಿಲ್ಡ್ ಆದದ್ದಕ್ಕೆ ಕನಿಷ್ಠ 2.34 ಬೇಕು, ಹಾಗಾಗಿ ಪ್ರೋಗ್ರಾಂ ಶುರುವಾಗುವ ಮುಂಚೆಯೇ ‘ಜಿಲಿಬ್‌ಸಿ 2.34 ಸಿಗಲಿಲ್ಲ’ ಅನ್ನುತ್ತದೆ. ಪೈಗೆ ಡೆಬಿಯನ್‌ನ ಮುಂದಿನ ಆವೃತ್ತಿ ಬುಕ್‌ವರ್ಮ್ ಹಾಕಿದರೆ 2.36 ಸಿಗುತ್ತದೆ, ನನ್ನ ಮಟ್ಟಿಗೆ ಅದೇ ಸುಲಭದ ದಾರಿ.

ಇಷ್ಟೆಲ್ಲ ಬದಲಿಸಿದ ಮೇಲೆ ಮೊದಲು ‘ಮೇಕ್ ಕ್ಲೀನ್’ ಕೊಟ್ಟು ಹಳೇ ಬಿಲ್ಡ್ ಫೈಲುಗಳನ್ನು ಅಳಿಸಿ. ಹಳೇ ಇಂಟೆಲ್ ಆಬ್ಜೆಕ್ಟ್ ಫೈಲುಗಳು ಉಳಿದುಕೊಂಡು, ಅವನ್ನು ಜೋಡಿಸುವ ಲಿಂಕರ್ ಬೈಯುತ್ತಿದ್ದಾಗ ನಾನೂ ಒಮ್ಮೆ ಅರ್ಧ ದಿನ ಕಂಪೈಲರನ್ನೇ ಬೈದುಕೊಂಡು ಕೂತಿದ್ದೆ.