ಸ್ವರ ತಪ್ಪಿದರೆ ಅಳುವ ಹುಡುಗಿ, ಬಾಯಿ ಬಿಡದ ಹುಡುಗ

ಪ್ರಶ್ನೆ: ಮನೆಯಲ್ಲೇ ಮಕ್ಕಳಿಗೆ ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. 9 ವರ್ಷದ ಹುಡುಗಿಯೊಬ್ಬಳು ಭೂಪ ರಾಗದ ಪಲಟಾ (ಸ್ವರಗಳನ್ನು ಹೆಣೆದ ಅಭ್ಯಾಸದ ವರಸೆ) ತಪ್ಪಿದ ಕೂಡಲೇ ಅಳುತ್ತಾಳೆ. ‘ಏನೂ ಆಗಿಲ್ಲ, ಅಳಬ್ಯಾಡ’ ಅಂದರೆ ಅಳು ಜಾಸ್ತಿ ಆಗುತ್ತದೆ, ಗದರಿದರೆ ಗಪ್ಪಾಗಿ ಬಿಡುತ್ತಾಳೆ. 13 ವರ್ಷದ ಇನ್ನೊಬ್ಬ ಹುಡುಗ ಮೊದಲು ಚಂದ ಹಾಡುತ್ತಿದ್ದ. ಈಗ ಹಾಡು ಅಂದರೆ ನಕ್ಕು ತಪ್ಪಿಸಿಕೊಳ್ಳುತ್ತಾನೆ. ಇಬ್ಬರೂ ಸಂಗೀತದ ಜೂನಿಯರ್ ಪರೀಕ್ಷೆಗೆ ಕೂಡಬೇಕು. ಏನು ಮಾಡಲಿ?
– ಸಂಗೀತ ಶಿಕ್ಷಕಿ, ಬೀದರ್

ಉತ್ತರ: ಮೇಡಂ, ಮೊದಲು ಹುಡುಗಿಯ ವಿಷಯ. ಅಳು ಬಂದಾಗ ಅವಳಿಂದ ಹಾಡಿಸಲೇಬೇಡಿ. ಅಳುವಾಗ ಗಂಟಲ ಸ್ನಾಯುಗಳು ಬಿಗಿಯುತ್ತವೆ, ಉಸಿರು ತುಂಡಾಗುತ್ತದೆ. ಆ ಗಂಟಲಿನಿಂದ ಮೊದಲ ಸ್ವರ ಷಡ್ಜವೂ ನೆಟ್ಟಗೆ ಬರುವುದಿಲ್ಲ. ‘ಅಳುತ್ತಲೇ ಇನ್ನೊಮ್ಮೆ ಹಾಡು’ ಎಂದರೆ ಅವಳು ಮತ್ತೆ ತಪ್ಪುತ್ತಾಳೆ, ತನಗೆ ಬರುವುದೇ ಇಲ್ಲ ಅನ್ನುವ ನಂಬಿಕೆ ಗಟ್ಟಿಯಾಗುತ್ತದೆ.

‘ಏನೂ ಆಗಿಲ್ಲ’ ಎಂಬ ಮಾತನ್ನು ನಾವೆಲ್ಲ ಪ್ರೀತಿಯಿಂದಲೇ ಆಡುತ್ತೇವೆ. ಆದರೆ ಅವಳಿಗೆ ಏನೋ ಆಗಿದೆ. ಬೇಕಾದ ಸ್ವರ ಸಿಕ್ಕಿಲ್ಲ, ಪಕ್ಕದ ಮಕ್ಕಳು ಕೇಳಿಸಿಕೊಂಡಿದ್ದಾರೆ. ಆಗಿದ್ದನ್ನು ಆಗಿದೆ ಅನ್ನಿ: ‘ಆ ಜಾಗ ಸಿಗವಲ್ತು ಅಂತ ಬ್ಯಾಸರ ಆಗ್ಯಾದ, ಹೌದಿಲ್ಲೋ?’ ಇಷ್ಟು ಸಾಕು. ಉತ್ತರಕ್ಕೆ ಒತ್ತಾಯಿಸಬೇಡಿ. ಹಾರ್ಮೋನಿಯಂ ನಿಲ್ಲಿಸಿ, ತಂಬೂರಿಯೊಂದನ್ನೇ ಬಿಡಿ. ನೀರು ಕುಡಿಯಲಿ. ಉಸಿರು ತಾನಾಗಿ ತಹಬಂದಿಗೆ ಬರುತ್ತದೆ.

ಆಮೇಲೆ ಪಾಠಕ್ಕೆ ಮರಳಲೇಬೇಕು, ಇದು ಮುಖ್ಯ. ಅಳುವನ್ನು ಕಂಡು ಪಾಠ ಬಿಟ್ಟರೆ ಆ ಪಲಟಾ ಅವಳ ಮನಸ್ಸಿನಲ್ಲಿ ಭೂತವಾಗಿ ಉಳಿಯುತ್ತದೆ. ಮರಳುವಾಗ ಚಿಕ್ಕದು ಮಾಡಿ. ಭೂಪದಲ್ಲಿ ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ; ಸರಿಗಮ ಓಡಿಸಿ ರೂಢಿಯಾದ ಮಗು ಗಾಂಧಾರದಿಂದ ಪಂಚಮಕ್ಕೆ ಹಾರುವಲ್ಲಿ ಎಡವುವುದು ಸಹಜ. ಇಡೀ ಪಲಟಾ ಬೇಡ, ಗ–ಪ ಎರಡೇ ಸ್ವರ. ಮೊದಲು ನೀವು ಹಾಡಿ, ಆಮೇಲೆ ಜೊತೆಯಲ್ಲಿ, ಆಮೇಲೆ ಅವಳೊಬ್ಬಳೇ. ಸರಿ ಬಂದಾಗ ‘ಈಗ ಪಂಚಮ ನೆಟ್ಟಗ ನಿಂತದ’ ಎಂದು ನಡೆದದ್ದನ್ನೇ ಹೇಳಿ. ಸರಿ ಬರದಿದ್ದರೂ ‘ವಾಹ್ ವಾಹ್’ ಅನ್ನುವುದು ಬೇಡ. ಅವಳ ಕಿವಿಗೆ ಸತ್ಯ ಗೊತ್ತಿರುತ್ತದೆ, ನಿಮ್ಮ ಮುಂದಿನ ಹೊಗಳಿಕೆಯನ್ನೂ ನಂಬುವುದಿಲ್ಲ.

ಕೆಲವು ದಿನ ಅವಳನ್ನು ಒಬ್ಬಳೇ ಹಾಡಿಸುವುದನ್ನು ಕಮ್ಮಿ ಮಾಡಿ. ನಮ್ಮ ಕಡೆಯ ಭಜನೆಗಳನ್ನು ನೆನೆಸಿಕೊಳ್ಳಿ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವಾಗ ಮಕ್ಕಳು ದೊಡ್ಡವರ ನಡುವೆ ಕುಂತು ತಾಳ ಬಡಿಯುತ್ತಾರೆ, ಬಂದಷ್ಟು ಸಾಲಿಗೆ ದನಿ ಕೂಡಿಸುತ್ತಾರೆ. ತಪ್ಪಿದ ದನಿ ಹತ್ತು ದನಿಗಳಲ್ಲಿ ಕರಗುತ್ತದೆ. ಪರೀಕ್ಷೆಯ ತಯಾರಿಯಲ್ಲಿ ನಾವು ಮಗುವಿನಿಂದ ಕಿತ್ತುಕೊಂಡದ್ದು ಈ ಆಸರೆಯನ್ನೇ ಎಂದು ನನಗೆ ಬಲವಾಗಿ ಅನಿಸುತ್ತದೆ. ಪಾಲಕರು ಬಾಗಿಲಲ್ಲಿ ಕುಂತು ‘ಆಕಿ ನೋಡು, ಎಷ್ಟು ಚಂದ ಹಾಡ್ತಾಳ’ ಅನ್ನುತ್ತಿದ್ದರೆ ಅದನ್ನೂ ನಿಲ್ಲಿಸಿ. ಅವರಿಗೆ ಬೇರೆ ಕರೆದು ಹೇಳಿ, ಮಗುವಿನ ಮುಂದೆ ಬೇಡ.

ಪಾಠದ ವೇಳೆಯನ್ನೂ ಒಮ್ಮೆ ನೋಡಿ. ಏಪ್ರಿಲ್–ಮೇ ಬಿಸಿಲಿನಲ್ಲಿ ಟ್ಯೂಷನ್ ಮುಗಿಸಿ ಹಸಿದು ಬಂದ ಮಗುವಿಗೆ ಅಳಲು ಸ್ವರ ತಪ್ಪುವುದೊಂದು ನೆಪ ಅಷ್ಟೇ. ಮುಂಜಾನೆಗೆ ಬದಲಿಸಿದರೆ ಅರ್ಧ ತೊಂದರೆ ಹೋದೀತು.

ಹುಡುಗನ ನಗುವಿನ ಹಿಂದೆ ಇರುವುದು ನಾಚಿಕೆ ಇರಬೇಕು. ಆ ವಯಸ್ಸಿಗೆ ಗಂಡುಮಕ್ಕಳ ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಹೆಚ್ಚುಕಡಿಮೆ ಒಂದು ಸಪ್ತಕ ಕೆಳಗಿಳಿಯುತ್ತದೆ. ನಡುವೆ ಒಡೆಯುತ್ತದೆ. ಇದು ದೇಹ ಬೆಳೆಯುವ ಲಕ್ಷಣ, ರಿಯಾಜ್ (ಅಭ್ಯಾಸ) ತಪ್ಪಿಸಿದ್ದಕ್ಕೆ ಸಿಕ್ಕ ಶಿಕ್ಷೆ ಅಲ್ಲ ಎಂದು ಅವನಿಗೆ ಬಿಡಿಸಿ ಹೇಳಿ, ಅದೂ ಬೇರೆ ಮಕ್ಕಳಿಲ್ಲದಾಗ. ಹಳೆಯ ಪಟ್ಟಿಯಲ್ಲೇ (ಶ್ರುತಿಯಲ್ಲೇ) ತಾರಕ್ಕೆ, ಅಂದರೆ ಮೇಲಿನ ಸಪ್ತಕಕ್ಕೆ, ಏರಿಸಬೇಡಿ. ಈಗಿನ ದನಿಗೆ ಒಗ್ಗುವ ಪಟ್ಟಿ ಹುಡುಕಿ, ಕೆಳಗಿನ ಮತ್ತು ನಡುವಿನ ಸಪ್ತಕಗಳಾದ ಮಂದ್ರ–ಮಧ್ಯದಲ್ಲಿ ಮೆಲ್ಲಗೆ ಹಾಡಿಸಿ. ದನಿ ಒಡೆದ ದಿನ ತಬಲಾ ಮುಂದೆ ಕೂಡಿಸಿ. ತೀನ್‌ತಾಲದ 16 ಮಾತ್ರೆ ಎಣಿಸುತ್ತ, 9ನೇ ಮಾತ್ರೆಯ ಖಾಲಿ (ಚಪ್ಪಾಳೆ ತಟ್ಟದೆ ಕೈ ಬೀಸುವ ಜಾಗ) ತೋರಿಸುತ್ತ ಅವನು ಕಲಿಕೆಯಲ್ಲೇ ಇರುತ್ತಾನೆ.

ಅವನ ಜೂನಿಯರ್ ಪರೀಕ್ಷೆಯನ್ನು ದನಿ ನೆಲೆ ನಿಲ್ಲುವವರೆಗೆ ಮುಂದಕ್ಕೆ ಹಾಕಿ. ಹುಡುಗಿಯದನ್ನು ಅವಳನ್ನೇ ಕೇಳಿ ನಿರ್ಧರಿಸಿ.